ಫ್ರಿಜ್ಜಿನಲ್ಲಿಟ್ಟ ಕೆಮ್ಮು

ವಿದ್ಯಾವತಿಗೆ ಕೂತಲ್ಲಿ ಕೂತು ಗೊತ್ತಿರಲಿಲ್ಲ. ಬಸವನ ಬಾಗೇವಾಡಿಯ ಕಿರಾಣಿ ಅಂಗಡಿಯವರ ಮನೆಯಲ್ಲಿ ಹುಟ್ಟಿದವಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮುದ್ದೇಬಿಹಾಳದಲ್ಲಿ ಒಂದಷ್ಟು ದಿನ, ಇಂಡಿಯಲ್ಲಿ ಒಂದಷ್ಟು ದಿನ ಅರೆಕಾಲಿಕ ಪಾಠ ಹೇಳಿ, ಕೊನೆಗೆ ಸಿಂದಗಿಯ ಕಾಲೇಜಿಗೆ ಬಂದು ನೆಲೆ ನಿಂತಳು. ನೆಲೆ ನಿಂತಳು ಅನ್ನುವುದು ಬರೀ ಮಾತಿಗೆ. ಒಲೆಯ ಮೇಲೆ ಹಾಲಿಟ್ಟರೆ ಕಾಯುವ ತನಕ ನಿಲ್ಲಲು ಆಗುತ್ತಿರಲಿಲ್ಲ; ಅಷ್ಟರಲ್ಲಿ ಬಟ್ಟೆ ಮಡಚಲು ಹೋಗುತ್ತಿದ್ದಳು, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಪುಸ್ತಕಕ್ಕೆ. ಹಾಲು ತನ್ನ ಪಾಡಿಗೆ ತಾನು ಉಕ್ಕಿ ಒಲೆ ಆರಿಸುತ್ತಿತ್ತು.

"ಈಕಿಗೆ ಹಾಲ ಕಾಯಾಕ ಆಗೂದಿಲ್ಲ, ಮೀನ ಕಾಯ್ತಾಳಂತ," ಎಂದು ಅತ್ತೆ ಚನ್ನವ್ವ ಗೊಣಗುತ್ತಿದ್ದಳು.

ಮೀನಿನ ಮಾತು ಸುಳ್ಳಲ್ಲ. ವಿದ್ಯಾವತಿ ಕೆಲಸದ ಜೊತೆಗೇ ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದಳು. ಆಕೆಯ ವಿಷಯ ಭೀಮಾ ನದಿಯ ಗೆಂಡೆ ಮೀನಿನ ಹುರುಪೆ. ಮೈಮೇಲಿನ ಒಂದು ಹುರುಪೆ ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರಲ್ಲಿ ಕಪ್ಪು ಬಣ್ಣದ ಜೀವಕೋಶಗಳು ಕಾಣುತ್ತವೆ. ಒಳಗಿನ ಬಣ್ಣದ ಕಣಗಳು ಒಮ್ಮೆ ಅಂಗಳದಲ್ಲಿ ಹರವಿದ ಎಳ್ಳಿನ ಹಾಗೆ ಕೋಶದ ತುಂಬ ಹರಡಿರುತ್ತವೆ, ಒಮ್ಮೆ ಯಾರೋ ಕೈಯಿಂದ ಬಳಿದಿಟ್ಟ ಹಾಗೆ ನಟ್ಟನಡುವೆ ಗುಡ್ಡೆಯಾಗುತ್ತವೆ. ಹರಡಿದಾಗ ಮೀನು ಕಪ್ಪು, ಗುಡ್ಡೆಯಾದಾಗ ಮೀನು ಬಿಳುಪು. ಹೆದರಿದರೆ ಮೈಯಲ್ಲಿ ಹರಿಯುವ ಅಡ್ರಿನಲಿನ್ ರಸ ತಗುಲಿದರೂ ಗುಡ್ಡೆ, ಕತ್ತಲಾದಾಗ ಹರಿಯುವ ಮೆಲಟೋನಿನ್ ರಸ ತಗುಲಿದರೂ ಗುಡ್ಡೆ. ಇದನ್ನು ನೋಡುವಾಗ ಮಾತ್ರ ವಿದ್ಯಾವತಿ ಅಲ್ಲಾಡದೆ ಕೂರುತ್ತಿದ್ದಳು.

ಆದರೆ ಲಿಂಗವಂತರ ಮನೆಯಲ್ಲಿ ಮೀನೆಲ್ಲಿ ಇಡಬೇಕು? ಚನ್ನವ್ವನ ಎದುರು ಆ ಮಾತು ಎತ್ತಲೂ ಹೋಗಲಿಲ್ಲ. ಪಕ್ಕದ ಮನೆಯ ಗೌಸಬಿಯ ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿ ಇತ್ತು, ಗೆಂಡೆಗಳು ಅಲ್ಲಿ ಬೆಳೆದವು. ಗೌಸಬಿಯ ಗಂಡ ನಬಿಲಾಲ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕೈಗಾಡಿ ನಿಲ್ಲಿಸಿ ಕುಲ್ಫಿ ಮಾರುವವನು. ತಿನ್ನದ ಮೀನಿಗೆ ದಿನಾ ನೀರು ಬದಲಿಸುವ ಈ ಮೇಡಂ ಮೇಲೆ ಅವನಿಗೆ ಎಲ್ಲಿಲ್ಲದ ಅಭಿಮಾನ.

ಎರಡು ಸಾವಿರದ ಎರಡರ ಬೇಸಿಗೆ ಅದು. ವಿದ್ಯಾವತಿಯ ಪಿಎಚ್.ಡಿ. ಗಡುವು ಜೂನಿನ ಕೊನೆಗೆ ಮುಗಿಯುವುದಿತ್ತು, ಒಂದೇ ಒಂದು ಪ್ರಶ್ನೆ ಬಾಕಿ ಇತ್ತು. ಕತ್ತಲೆಯ ರಸದ ಸುದ್ದಿ ಕೋಶದೊಳಗೆ ಯಾವ ದಾರಿಯಿಂದ ಹೋಗುತ್ತದೆ? ಬೇರೆ ಪ್ರಾಣಿಗಳಲ್ಲಿ ಆ ದಾರಿ ಗೊತ್ತಿತ್ತು. ಆಕೆಯ ಮಾರ್ಗದರ್ಶಕ ಬಸಂತರಾಯ ಸರ್ ಮಾತ್ರ ಭೀಮೆಯ ಗೆಂಡೆಯಲ್ಲಿ ದಾರಿ ಬೇರೆಯೇ ಇದೆ ಎಂದು ಹಟ ಹಿಡಿದಿದ್ದರು. ಬೇರೆ ಇದ್ದರೆ ಅದು ಹೊಸ ಸಂಗತಿ, ದೊಡ್ಡ ಪತ್ರಿಕೆಗಳು ಕೇಳುವ ಸಂಗತಿ. ಇದನ್ನು ತೀರ್ಮಾನಿಸಲು ಬೇಕಾದದ್ದು ಒಂದು ವಿಷ. ಅದೂ ನಾಯಿಕೆಮ್ಮಿನ ಬ್ಯಾಕ್ಟೀರಿಯಾ ತಯಾರಿಸುವ ವಿಷ.

ಗಂಡ ಶ್ರೀಶೈಲ ಕರೆಂಟ್ ಆಫೀಸಿನಲ್ಲಿ ಸೆಕ್ಷನ್ ಆಫೀಸರ್. ಅವನಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ಆಕೆಗೆ ಸಾಕುಸಾಕಾಯಿತು.

"ಕೋಶದ ಗ್ವಾಡಿಗೆ ಒಳಗಿನ ಮಗ್ಗಲ ಒಂದು ಪ್ರೋಟೀನ್ ಕುಂತಿರ್ತೈತ್ರಿ. ಹೊರಗಿನ ಸುದ್ದಿ ತಗೊಂಡು ಒಳಗ ದಾಟಸೂದು ಅದರ ಕೆಲಸ. ಈ ವಿಷ ಅದರ ಕೈ ಕಟ್ಟಿ ಬಿಡ್ತೈತಿ. ಕಾಲರಾದ ವಿಷನೂ ಹಂಗ, ಅದು ಇನ್ನೊಂದು ಪ್ರೋಟೀನ್ ಹಿಡದು ನಿಲ್ಲಾಕ ಬಿಡದ ಓಡಸ್ತೈತಿ."

"ರೋಗದ ವಿಷ ತಗೊಂಡು ನೀ ಏನ್ ಮಾಡಾಕಿ?"

"ಕೈ ಕಟ್ಟಿದ ಮ್ಯಾಲ ಸುದ್ದಿ ನಿಂತ್ರ, ಸುದ್ದಿ ಅದರ ಕೈಯಿಂದನ ಹೊಂಟಿತ್ತು ಅಂತ ಗೊತ್ತಾತು. ನಿಲ್ಲಲಿಲ್ಲಂದ್ರ ಬ್ಯಾರೆ ದಾರಿ."

ಶ್ರೀಶೈಲ ಚಹಾದ ಕಪ್ಪು ಕೆಳಗಿಟ್ಟ. "ಹಂಗಂದ್ರ ನಾವು ಕಂಬದಾಗಿನ ಫ್ಯೂಜ್ ಕಿತ್ತು ಯಾರ ಮನಿ ಕತ್ತಲಾತು ಅಂತ ನೋಡತೇವಲ್ಲ, ಹಂಗ." ವಿದ್ಯಾವತಿಗೆ ಇಷ್ಟು ಸಣ್ಣ ಮಾತಿಗೆ ತಾನು ಇಷ್ಟು ಉದ್ದ ಹೇಳಿದೆನಲ್ಲ ಅನ್ನಿಸಿ ನಗು ಬಂತು.

ಬಸಂತರಾಯ ಸರ್ ಹೈದರಾಬಾದಿನ ಗೆಳೆಯರ ಪ್ರಯೋಗಾಲಯದಲ್ಲಿ ಉಳಿದಿದ್ದ ವಿಷವನ್ನು ಹೆಬ್ಬೆರಳಿನಷ್ಟು ದೊಡ್ಡ ಶೀಶೆಯಲ್ಲಿ ತರಿಸಿಕೊಟ್ಟರು. ತಳದಲ್ಲಿ ಒಂದಿಷ್ಟು ಹನಿ. "ಥಂಡ ಇರಬೇಕು, ಆದ್ರ ಹೆಪ್ಪುಗಟ್ಟಬಾರದು. ಗಟ್ಟಿ ಆತಂದ್ರ ವಿಷ ಸತ್ತಂಗ," ಎಂದು ಎಚ್ಚರಿಸಿದರು. ಬರಫ ತುಂಬಿದ ಥರ್ಮಾಸಿನಲ್ಲಿ ಅದನ್ನಿಟ್ಟುಕೊಂಡು ಆಕೆ ಧಾರವಾಡದಿಂದ ವಿಜಾಪುರಕ್ಕೆ, ವಿಜಾಪುರದಿಂದ ಸಿಂದಗಿಗೆ ಬಸ್ಸಿನಲ್ಲಿ ಬಂದಳು. ಥರ್ಮಾಸು ತೊಡೆಯ ಮೇಲಿಂದ ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೂರು ಸಲ ಚಹಾ ಕೇಳಿ ಸಿಟ್ಟಾದಳು.

ಮನೆಗೆ ಬಂದರೆ ತೊಟ್ಟಿಯ ಮೀನುಗಳು ಬಿಸಿಲಿಗೆ ಸತ್ತು ತೇಲುತ್ತಿದ್ದವು. ಭೀಮೆಯ ಕಡೆಯ ಆಲಮೇಲಕ್ಕೆ ಹೋಗಿ ಹೊಸ ಮೀನು ತರಬೇಕು, ಅವು ತೊಟ್ಟಿಗೆ ಹೊಂದಿಕೊಳ್ಳಲು ಒಂದು ವಾರವಾದರೂ ಬೇಕು. ಅಲ್ಲಿಯ ತನಕ ಶೀಶೆ ಎಲ್ಲಿಡುವುದು? ರಜೆಗೆಂದು ಕಾಲೇಜಿನ ಮೇನ್ ಸ್ವಿಚ್ ತೆಗೆದು ಬೀಗ ಜಡಿದಿದ್ದರು. ಸೂಕ್ಷ್ಮದರ್ಶಕವನ್ನೇನೋ ಆಕೆ ಮೊದಲೇ ಕೇಳಿ ತಂದು ಹೊಸ್ತಿಲ ಹೊರಗಿನ ಅಂಗಳದ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಉಳಿದದ್ದು ಅಡುಗೆಮನೆಯ ಫ್ರಿಜ್.

"ಅದರಾಗ ಏನೈತಿ?" ಚನ್ನವ್ವ ಕೇಳಿದಳು.

"ಪ್ರಯೋಗದ್ದ್ರಿ ಅತ್ತಿ."

"ಪ್ರಯೋಗದ್ದು ಅಂದ್ರ?"

ಸುಳ್ಳು ಹೇಳಲು ವಿದ್ಯಾವತಿಗೆ ಬರುತ್ತಿರಲಿಲ್ಲ, ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ನಾಯಿಕೆಮ್ಮಿನ ವಿಷರಿ. ಭಾಳ ಕಡಿಮಿ ಐತಿ, ಬಿಗಿ ಮುಚ್ಚೇತಿ, ಯಾರಿಗೂ ಏನೂ ಆಗೂದಿಲ್ಲ."

ಮೊಸರಿನ ಗಡಿಗೆ ಹಿಡಿದ ಚನ್ನವ್ವನ ಕೈ ಅಲ್ಲೇ ನಿಂತಿತು. "ನನ್ನ ಹಾಲು ಮೊಸರಿನ ಬಾಜೂಕ ಅದು ಬ್ಯಾಡ. ಈ ಹೊಸ್ತಿಲದಾಗ ಅದು ಬರೂದ ಬ್ಯಾಡ." ಅಷ್ಟು ಹೇಳಿ ಒಳಗೆ ಹೋದವಳು ಆ ಹೊತ್ತು ಊಟಕ್ಕೂ ಹೊರಗೆ ಬರಲಿಲ್ಲ.

ಮಡಿಯ ಹುಚ್ಚು ಅಂದುಕೊಂಡು ವಿದ್ಯಾವತಿ ಒಳಗೊಳಗೇ ಕುದಿದಳು. ಥರ್ಮಾಸಿನ ಬರಫ ಕರಗುತ್ತಿತ್ತು. ಅಂಗಳಕ್ಕೂ ಕೋಣೆಗೂ ಓಡಾಡಿ ಓಡಾಡಿ, ಕೊನೆಗೆ ಗೌಸಬಿಯ ಬಾಗಿಲಿಗೆ ಹೋಗಿ ನಿಂತಳು.

"ಬರಫದಾಗ ಇಟ್ಟ್ರ ಸಾಕ್ರಿ ನಬಿಲಾಲ ಕಾಕಾ. ಒಟ್ಟ ಥಂಡ ಇರ್ಲಿ."

ನಬಿಲಾಲ ಶೀಶೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಥಂಡದ ಚಿಂತಿ ನನಗ ಬಿಡ್ರಿ ಅಕ್ಕಾರ. ಈ ಸಿಂದಗ್ಯಾಗ ಬ್ಯಾಸಗ್ಯಾಗ ನನಗಿಂತ ಥಂಡ ಇಡಾಂವ ಯಾರದಾನ?"

ಆ ವಾರ ವಿದ್ಯಾವತಿಗೆ ನೆಮ್ಮದಿ ಎಂಬುದಿಲ್ಲ. ಆಲಮೇಲಕ್ಕೆ ಹೋಗಿ ಬಂದಳು, ಮೀನು ತಂದಳು, ನೀರು ಬದಲಿಸಿದಳು. ದಿನಕ್ಕೆ ಎಷ್ಟೋ ಸಲ ಶೀಶೆ ನೋಡಬೇಕೆಂದು ಹೋದರೆ ನಬಿಲಾಲ ಬಿಡುತ್ತಿರಲಿಲ್ಲ. "ಬಾಯಿ ತಗದು ತಗದು ನೋಡಿದ್ರ ಥಂಡ ಹೋಗ್ತೈತ್ರಿ," ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದ. ಹಗಲೆಲ್ಲ ಶೀಶೆ ಅವನ ಗಾಡಿಯ ಮೇಲೆ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಿತ್ತು. ಪಕ್ಕದ ಮನೆಯ ಮೇಡಮ್ಮರ ದೊಡ್ಡ ವಸ್ತು ತನ್ನ ಕಡೆ ಇದೆಯೆಂದು ಅವನು ದೇವರ ಹಿಪ್ಪರಗಿ ಬಸ್ಸಿನ ಡ್ರೈವರನ ತನಕ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಪ್ರಯೋಗದ ದಿನ ಬೆಳಗ್ಗೆ ಅವನೇ ಶೀಶೆ ತಂದುಕೊಟ್ಟ. ವಿದ್ಯಾವತಿ ಆ ಹೊರಗಿನ ಕೋಣೆಯಲ್ಲೇ ಕೂತು ಹುರುಪೆಗಳನ್ನು ಎರಡು ಗಾಜಿನ ವಾಟಿಗೆ ಹಾಕಿ, ಒಂದಕ್ಕೆ ಮಾತ್ರ ವಿಷ ಬೆರೆಸಿದಳು. ನಿಜಕ್ಕೂ ಇನ್ನೊಂದು ಜೊತೆ ವಾಟಿ ಬೇಕಿತ್ತು. ಹೆದರಿಕೆಯ ರಸದ ದಾರಿ ಯಾವುದೆಂದು ಜಗತ್ತಿಗೇ ಗೊತ್ತು. ಆ ದಾರಿ ಕಟ್ಟಾಯಿತೆಂದರೆ ವಿಷ ಜೀವಂತ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಇದ್ದ ವಿಷ ಒಂದೇ ಪ್ರಯೋಗಕ್ಕೆ ಸಾಲುವಷ್ಟು. ಫೋನಿನಲ್ಲಿ ಕೇಳಿದಾಗ ಬಸಂತರಾಯ ಸರ್, "ಗೊತ್ತಿದ್ದದ್ದನ್ನ ಮತ್ತ ಯಾಕ ನೋಡ್ತೀರಿ, ಹೊಸದು ನೋಡ್ರಿ," ಎಂದಿದ್ದರು. ಆಕೆ ಹೂಂ ಅಂದಿದ್ದಳು.

ಸಂಜೆ ಎರಡೂ ವಾಟಿಗೆ ಕತ್ತಲೆಯ ರಸ ಹಾಕಿ ನೋಡಿದರೆ, ವಿಷವಿಲ್ಲದ ವಾಟಿಯಲ್ಲಿ ಬಣ್ಣ ಗುಡ್ಡೆಯಾಯಿತು. ವಿಷವಿದ್ದ ವಾಟಿಯಲ್ಲೂ ಗುಡ್ಡೆಯಾಯಿತು. ವಿಷ ಏನೂ ಮಾಡಿರಲಿಲ್ಲ. ಅಂದರೆ ದಾರಿ ಬೇರೆ.

ಎಸ್‌ಟಿಡಿ ಬೂತಿನಿಂದ ಸುದ್ದಿ ಕೇಳಿ ಬಸಂತರಾಯ ಸರ್ ಹಿಗ್ಗಿ ಹೀರೇಕಾಯಿಯಾದರು. ಅವತ್ತೇ ಮೂರು ಊರಿಗೆ ಫೋನು ಮಾಡಿ ಹೇಳಿದರಂತೆ. ಶ್ರೀಶೈಲ ಪೇಢೆ ತಂದ. ವಿದ್ಯಾವತಿಯೂ ಒಂದು ತಿಂದಳು, ರುಚಿ ಹತ್ತಲಿಲ್ಲ.

ಮರುದಿನ ರವಿವಾರ. ಪಡಸಾಲೆಯ ಫ್ಯಾನು ಕೆಟ್ಟಿತ್ತು, ಶ್ರೀಶೈಲ ಸ್ಟೂಲು ಹತ್ತಿದ. ಹತ್ತುವ ಮೊದಲು, ಟೆಸ್ಟರೇ ಕೆಟ್ಟಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಳ್ಳಲು, ಎಂದಿನಂತೆ ಅದನ್ನು ಪಕ್ಕದ ಚಾಲೂ ಬೋರ್ಡಿಗೆ ಹಚ್ಚಿ ದೀಪ ಹೊತ್ತುವುದನ್ನು ನೋಡಿದ, ಆಮೇಲೆ ಫ್ಯಾನಿನ ವೈರಿಗೆ ಹಚ್ಚಿದ. ಅವನು ಇದನ್ನು ಮಾಡುವುದನ್ನು ಆಕೆ ನೂರು ಸಲ ನೋಡಿದ್ದಳು. ಅವತ್ತು ಮಾತ್ರ, ತನ್ನ ವಿಷವನ್ನು ತಾನು ಹಾಗೆ ಮೊದಲು ಹಚ್ಚಿ ನೋಡಿರಲಿಲ್ಲ ಎಂಬುದು ನೆನಪಾಯಿತು. ತಾನು ಬಿಟ್ಟ ಎರಡನೇ ಜೊತೆ ವಾಟಿ ಕಣ್ಣ ಮುಂದೆ ಬಂದು ಕೂತಿತು, ಎದ್ದು ಹೋಗಲಿಲ್ಲ.

ವಿಷ ಜೀವಂತ ಇತ್ತು ಬಿಡು, ಬರಫದಲ್ಲೇ ಇತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಗೌಸಬಿಗೆ ಪೇಢೆ ಕೊಡುವ ನೆಪದಲ್ಲಿ ಪಕ್ಕದ ಮನೆಗೆ ಹೋದಳು. ನಬಿಲಾಲ ಹಿತ್ತಲಲ್ಲಿ ದೊಡ್ಡ ಗಡಿಗೆಗೆ ಬರಫ ಕುಟ್ಟಿ ತುಂಬುತ್ತಿದ್ದ. ಒಂದು ಪದರು ಬರಫ, ಅದರ ಮೇಲೆ ಮುಷ್ಟಿಗಟ್ಟಲೆ ಹರಳುಪ್ಪು.

"ಉಪ್ಪು ಯಾಕ್ರಿ ಕಾಕಾ?"

"ಉಪ್ಪಿಲ್ಲದ ಬರಫ ಬರೇ ಥಂಡ ಮಾಡ್ತೈತ್ರಿ. ಉಪ್ಪು ಬಿದ್ದ್ರನ ಕುಲ್ಫಿ ಕಲ್ಲಾಗೂದು." ಅವನು ಕೈ ಒರೆಸಿಕೊಂಡು ಪೇಢೆ ತೆಗೆದುಕೊಂಡ. "ನಿಮ್ಮ ಶೀಶೆ ಇದ ಗಡಿಗ್ಯಾಗ ಇಟ್ಟಿದ್ದೆ ನೋಡ್ರಿ, ಮಲಾಯಿ ಕುಲ್ಫಿ ಇಡೂ ಜಾಗಾದಾಗ. ದಿನಾ ಕಲ್ಲಿನಂಗ ಇರ್ತಿತ್ತು. ನೀವು ಬೇಕಂದ ದಿನ ಅಂಗೈಯಾಗ ತಿಕ್ಕಿ ನೀರ ಮಾಡಿ ತಂದೆ. ಕೆಲಸ ಆತಲ್ಲರಿ?"

ವಿದ್ಯಾವತಿ ಆತ್ರಿ ಅಂದಳು. ಅದನ್ನು ಬಿಟ್ಟು ಬೇರೆ ಏನು ಹೇಳಲು ಸಾಧ್ಯವಿತ್ತು ಆ ಮುಖ ನೋಡಿಕೊಂಡು? ಬರಫದಲ್ಲಿಡಿ ಅಂದವಳು ತಾನು. ಕುಲ್ಫಿಯವನ ಬರಫಕ್ಕೆ ಉಪ್ಪು ಬೀಳುತ್ತದೆಂದು, ಗಟ್ಟಿಯಾಗಬಾರದೆಂದು ಒಂದು ಮಾತು ಹೇಳದವಳೂ ತಾನೇ. ಆ ಮನುಷ್ಯ ತನ್ನ ಗಡಿಗೆಯ ಅತಿ ಒಳ್ಳೆಯ ಜಾಗ ಕೊಟ್ಟು ವಿಷವನ್ನು ಕೊಂದಿದ್ದ.

ಆಮೇಲಿನ ದಿನಗಳಲ್ಲಿ ಆಕೆ ಮನೆಯಲ್ಲಿ ಇದ್ದೂ ಇರಲಿಲ್ಲ. ರೊಟ್ಟಿ ಹೊತ್ತಿಸಿದಳು, ಕೀಲಿ ಕಳೆದಳು, ಸ್ನಾನಕ್ಕೆ ಹೋದವಳು ಬರಿಗೈಯಲ್ಲಿ ಹೊರಗೆ ಬಂದು ಏನಕ್ಕೆ ಹೋಗಿದ್ದೆ ಎಂದು ನಿಂತಳು. ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಜೂನಿನೊಳಗೆ ಪ್ರಬಂಧ ಒಪ್ಪಿಸಬಹುದು, ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ, ಗುರುಗಳ ಮುಖ ಅರಳುತ್ತದೆ. ಹೇಳಿದರೆ ಇಷ್ಟು ವರ್ಷದ ಓಡಾಟ ನೀರುಪಾಲು. ಸುಮ್ಮನಿದ್ದುಬಿಡೋಣ ಎಂದು ಆಕೆಗೆ ಆಸೆಯಾಯಿತು, ಬಹಳ ಆಸೆಯಾಯಿತು. ಆದರೆ ಕಣ್ಣು ಮುಚ್ಚಿದರೆ ಸಾಕು, ಆ ಎರಡನೇ ಜೊತೆ ವಾಟಿ.

"ಏನಾಗೇತಿ ನಿನಗ?" ಶ್ರೀಶೈಲ ಒಂದು ಸಂಜೆ ಅಂಗಳದಲ್ಲಿ ಕೂರಿಸಿ ಕೇಳಿದ. ಆಕೆ ಉಪ್ಪಿನ ಕಥೆಯನ್ನೆಲ್ಲ ಹೇಳಿ, ಕೊನೆಗೆ ಸಿಟ್ಟು ತಡೆಯಲಾರದೆ, "ಅತ್ತಿ ಅವತ್ತ ಫ್ರಿಜ್ಜಿನ್ಯಾಗ ಒಂದ ಮೂಲಿ ಕೊಟ್ಟಿದ್ರ ಇದ್ಯಾವದೂ ಆಗ್ತಿದ್ದಿಲ್ಲ. ಅಷ್ಟೇನ್ರಿ ಮಡಿ?" ಎಂದಳು.

ಶ್ರೀಶೈಲ ತಲೆ ತಗ್ಗಿಸಿದ. "ಮಡಿ ಅಲ್ಲ. ನನಗಿಂತ ದೊಡ್ಡಾಕಿ ಒಬ್ಬಾಕಿ ಇದ್ದಳು, ಸಾತವ್ವ ಅಂತ. ನಾ ನೋಡಿಲ್ಲ. ಇನ್ನ ಓಡ್ಯಾಡೂ ಕೂಸು ಇದ್ದಾಗ ನಾಯಿಕೆಮ್ಮು ಹತ್ತಿ ಅವ್ವನ ತೊಡೀಮ್ಯಾಲನ ಹ್ವಾದಳು. ಅವ್ವ ಅದರ ಹೆಸರ ತಗ್ಯೂದಿಲ್ಲ."

ಒಳಗೆ ಅಕ್ಕಿ ಆರಿಸುತ್ತಿದ್ದ ಮೊರದ ಸಪ್ಪಳ ನಿಂತಿತು. ಮಾತೆಲ್ಲ ಚನ್ನವ್ವನ ಕಿವಿಗೆ ಬಿದ್ದಿತ್ತೆಂದು ಇಬ್ಬರಿಗೂ ಆಗ ತಿಳಿಯಿತು. ವಿದ್ಯಾವತಿಗೆ ತನ್ನ ಮಾತಿಗೆ ತಾನೇ ನಾಚಿಕೆಯಾಯಿತು.

ಮರುದಿನ ಬೂತಿಗೆ ಹೋಗಿ ಧಾರವಾಡಕ್ಕೆ ಫೋನು ಹಚ್ಚಿದಳು. ಬಸಂತರಾಯ ಸರ್ ಅವರಿಗೆ ಉಪ್ಪಿನ ಕಥೆಯನ್ನೆಲ್ಲ ಹೇಳಿದಳು.

"ಪೂರಾ ಸತ್ತಿತ್ತಂತ ಹೆಂಗ ಹೇಳ್ತೀರಿ? ಅರ್ಧ ಉಳದಿರಬಹುದು."

"ಇರಬಹುದ್ರಿ ಸರ್. ಅದ ಗೊತ್ತಿಲ್ಲಲ್ಲ."

"ಮೂರ ಊರಿಗೆ ಹೇಳೇನಿ ನಾನು."

"ಹೌದ್ರಿ ಸರ್." ಆಕೆ ಬೂತಿನ ಬಾಗಿಲು ಎಳೆದುಕೊಂಡಳು. "ಆದ್ರ ಇದನ್ನ ಬರಿಯಾಕ ನನ್ನ ಕೈಲೆ ಆಗೂದಿಲ್ಲರಿ."

ಅವರು ಬೈದರು. ಬೇಜವಾಬ್ದಾರಿ ಅಂದರು, ಹಳ್ಳಿಯಲ್ಲಿ ಕೂತು ಸಂಶೋಧನೆ ಮಾಡುವವರ ಹಣೆಬರಹವೇ ಇಷ್ಟು ಅಂದರು, ಫೋನು ಇಟ್ಟರು. ಮನುಷ್ಯ ಕೆಟ್ಟವರಲ್ಲ, ಸಿಟ್ಟು ಇಳಿದ ಮೇಲೆ ಅವರೇ ಓಡಾಡಿ ಗಡುವನ್ನು ಆರು ತಿಂಗಳು ಮುಂದೆ ಹಾಕಿಸಿದರು, ಗೆಳೆಯರ ಕೈಕಾಲು ಹಿಡಿದು ಇನ್ನೊಂದು ಶೀಶೆ ತರಿಸಿದರು. ಈ ಸಲ ಎರಡೂ ಜೊತೆ ವಾಟಿಗೆ ಸಾಲುವಷ್ಟು ವಿಷ ಇತ್ತು. ಮೂರನೆಯದು ಸಿಗುವುದಿಲ್ಲ ಎಂದೂ ಹೇಳಿ ಕಳಿಸಿದ್ದರು.

ಶೀಶೆಯ ಜೊತೆ ವಿದ್ಯಾವತಿ ಸಿಂದಗಿಗೆ ಬಂದಿಳಿದಾಗ ಬಸ್‌ಸ್ಟ್ಯಾಂಡಿನಲ್ಲೇ ನಬಿಲಾಲ ನೋಡಿದ. ಆಕೆ ಮನೆ ಮುಟ್ಟುವಷ್ಟರಲ್ಲಿ ಗಾಡಿ ತಳ್ಳಿಕೊಂಡು ಬಾಗಿಲಿಗೆ ಬಂದಿದ್ದ. ಹೊಸ ಗಡಿಗೆ, ಅದಕ್ಕೆ ಗೌಸಬಿ ಹೊಲಿದ ಗೋಣಿಯ ಹೊದಿಕೆ.

"ಕೊಡ್ರಿ ಅಕ್ಕಾರ. ಹೋದ ಸಲಕಿಂತ ಗಟ್ಟಿ ಇಡ್ತೇನಿ."

ವಿದ್ಯಾವತಿ ಥರ್ಮಾಸು ಅವಚಿಕೊಂಡು ನಿಂತಳು. ಕೊಟ್ಟರೆ ವಿಷ ಸಾಯುತ್ತದೆ. ಕೊಡುವುದಿಲ್ಲ ಅಂದರೆ ಕಾರಣ ಹೇಳಬೇಕು.

ಹೊಸ್ತಿಲಲ್ಲಿ ಚನ್ನವ್ವ ನಿಂತಿದ್ದಳು. "ನಬಿಲಾಲ, ಹೋದ ಸಲ ನೀ ಕಾದಿ. ಎಷ್ಟಂತ ನಿನ್ನ ಮ್ಯಾಲ ಹೊರಸೂದು ತಮ್ಮಾ? ಈ ಸಲ ನಮ್ಮ ಪಾಳಿ." ಸೊಸೆಯ ಕೈಯಿಂದ ಥರ್ಮಾಸು ತೆಗೆದುಕೊಂಡಳು. ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಸೊಸೆಗಷ್ಟೇ ಕೇಳುವಂತೆ ಅಂದಳು, "ಗಟ್ಟಿ ಆಗಬಾರದಲ್ಲ? ಎಲ್ಲಿಡ್ಲಿ ಹೇಳು."

ನಬಿಲಾಲ ಎಲ್ಲರಿಗೂ ಒಂದೊಂದು ಕುಲ್ಫಿ ಕೊಟ್ಟು ಗಾಡಿ ತಿರುಗಿಸಿದ.

ಮೊಸರಿಡುವ ಜಾಗದಲ್ಲಿ ಶೀಶೆ ಕೂತಿತು. ಮೊಸರು ಹೊರಗೆ ಬಂತು. ಕರೆಂಟ್ ಆಫೀಸಿನವರ ಮನೆಯೆಂದು ಕರೆಂಟಿಗೇನೂ ಗೌರವವಿರಲಿಲ್ಲ, ಹೊತ್ತು ಗೊತ್ತಿಲ್ಲದೆ ಹೋಗುತ್ತಿತ್ತು. ಹೋದಾಗಲೆಲ್ಲ ವಿದ್ಯಾವತಿ ಅಡುಗೆಮನೆಗೆ ಓಡುವಳು, ಫ್ರಿಜ್ಜಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತ ಚನ್ನವ್ವ ಮುಟ್ಟಗೊಡುತ್ತಿರಲಿಲ್ಲ.

"ಒಂದ ಸಲ ನೋಡ್ತೇನ್ರಿ ಅತ್ತಿ."

"ನೋಡಿದ್ರ ಏನ್ ಹೆಚ್ಚಾಗ್ತೈತೇನು? ಹೋಗ, ನಿನ್ನ ಮೀನ ನೋಡಹೋಗ."

ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಫ್ರಿಜ್ ತೆರೆಯಲಿಲ್ಲ. ಹಾಲು ಒಡೆಯಿತು, ಶ್ರೀಶೈಲ ಕಪ್ಪು ಚಹಾ ಕುಡಿದು ತೆಪ್ಪಗಿದ್ದ.

ಪ್ರಯೋಗದ ದಿನ ಈ ಸಲ ವಾಟಿಗಳು ನಾಲ್ಕು. ಸಂಜೆ ಮೊದಲು ಹೆದರಿಕೆಯ ರಸ ಹಾಕಿದ ಜೊತೆಯನ್ನು ನೋಡಿದಳು. ವಿಷವಿಲ್ಲದ ವಾಟಿಯಲ್ಲಿ ಬಣ್ಣ ಗುಡ್ಡೆಯಾಯಿತು, ವಿಷವಿದ್ದದ್ದರಲ್ಲಿ ಹರಡಿದ್ದು ಹರಡಿದ ಹಾಗೇ ಇತ್ತು. ವಿಷ ಜೀವಂತ ಇತ್ತು. ಆಮೇಲೆ ಕತ್ತಲೆಯ ರಸ ಹಾಕಿದ ಜೊತೆಯನ್ನು ನೋಡಿದಳು. ಅಲ್ಲಿಯೂ ವಿಷವಿದ್ದ ವಾಟಿಯಲ್ಲಿ ಒಂದು ಕಣವೂ ಕದಲಲಿಲ್ಲ. ಭೀಮೆಯ ಗೆಂಡೆಗೆ ಬೇರೆ ದಾರಿ ಇರಲಿಲ್ಲ. ಎಲ್ಲ ಪ್ರಾಣಿಗಳಂತೆ ಅದೂ ಒಂದು.

ದೊಡ್ಡ ಪತ್ರಿಕೆ ಹೋಯಿತು, ಗುರುಗಳ ಹೊಸ ಸಂಗತಿ ಹೋಯಿತು. ಪಿಎಚ್.ಡಿ. ಏನೋ ಆಗುತ್ತದೆ, ಯಾರೂ ತಿರುಗಿ ನೋಡದ ಒಂದು ಸಾದಾ ಪಿಎಚ್.ಡಿ. ವಿದ್ಯಾವತಿಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಎಷ್ಟೋ ವಾರಗಳಿಂದ ಕಣ್ಣ ಮುಂದೆ ಕೂತಿದ್ದ ಆ ಜೊತೆ ವಾಟಿ ಎದ್ದು ಹೋಗಿತ್ತು.

ಬಾಗಿಲ ಬಳಿ ಚನ್ನವ್ವ ನಿಂತಿದ್ದು ಆಮೇಲೆ ಕಂಡಿತು. "ಆತೇನು?"

"ಆತ್ರಿ ಅತ್ತಿ. ನೋಡ್ತೀರೇನು?"

ಚನ್ನವ್ವ ಸೆರಗು ಸರಿಮಾಡಿಕೊಂಡು ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ ಅಂದಳು, ಆಮೇಲೆ ಕಂಡಿತು. ಸೊಸೆ ಅತ್ತ ಇತ್ತ ಸರಿಸಿ ಕೊನೆಯ ಜೊತೆಯ ಎರಡೂ ವಾಟಿ ತೋರಿಸಿದಳು.

"ಅದರಾಗಿನವು ಒಟ್ಟುಗೂಡ್ಯಾವು. ಇವ್ಯಾಕ ಹಂಗ ಬಿದ್ದಾವು?"

"ಇದರಾಗ ವಿಷ ಐತ್ರಿ. ಸುದ್ದಿ ಬಂದೈತಿ, ಆದ್ರ ಒಳಗ ಹೋಗವಲ್ಲದು. ಕೈ ಕಟ್ಟೇತ್ರಿ."

ಚನ್ನವ್ವ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತು ಬಗ್ಗಿಯೇ ಇದ್ದಳು. ಕೂತಲ್ಲಿ ಕೂರದ ವಿದ್ಯಾವತಿ ಆಕೆಯ ಪಕ್ಕದಲ್ಲಿ ಅಲ್ಲಾಡದೆ ನಿಂತಿದ್ದಳು.

"ನಮ್ಮ ಸಾತಿಗೂ ಇದನ ಏನು?"

"ಹೌದ್ರಿ ಅತ್ತಿ. ಇದರಿ."

"ನಾ ಎಷ್ಟ ಕರದೆ ಆಕಿನ್ನ," ಎಂದಳು ಚನ್ನವ್ವ, ಇನ್ನೂ ಬಗ್ಗಿಕೊಂಡೇ. "ಕೇಳಸ್ತಿದ್ದಿಲ್ಲೇನೋ ಅಂತ ಇಷ್ಟ ದಿನ ಅನ್ಕೊಂಡಿದ್ದೆ. ಕೇಳಿರಬೇಕು, ಕೈ ಕಟ್ಟಿತ್ತು."

ಆಮೇಲೆ ಎದ್ದು, ಮುಖ ಒರೆಸಿಕೊಂಡು, ಅಡುಗೆಮನೆಗೆ ಹೋಗಿ ಮೊಸರಿನ ಗಡಿಗೆಯನ್ನು ಫ್ರಿಜ್ಜಿನಲ್ಲಿ ಅದರ ಜಾಗಕ್ಕೆ ಇಟ್ಟಳು.